ಉಳುಕಿದ ಕಾಲಿಗೊಂದು ಜೋಡಿ

ಇಷ್ಟಕ್ಕೆಲ್ಲ ಕಾರಣ ಗೇಣುದ್ದದ ಒಂದು ಕುಡಿ. ಎಲ್ಲರೂ ಬಳ್ಳಿ ಡಾಕ್ಟರು ಎನ್ನುತ್ತಿದ್ದವರ ಬಾಲ್ಕನಿಯ ಬಳ್ಳಿಯಿಂದ ಅದು ರಾತ್ರೋರಾತ್ರಿ ಪಕ್ಕದ ಮನೆಯ ಕಂಬಿಗೆ ಕೈ ಚಾಚಿತ್ತು. ಪಕ್ಕದ ಮನೆಯಾಕೆ ಬೆಳಿಗ್ಗೆಯೇ ಕತ್ತರಿ ಹಿಡಿದು ನಿಂತಿದ್ದರು. “ಕತ್ತರಿಸಬೇಡಿ, ನಾನೇ ಈಚೆ ಎಳ್ಕೋತೀನಿ” ಎಂದು ಡಾಕ್ಟರು ಸ್ಟೂಲ್ ಹತ್ತಿದರು. ಕುಡಿ ಕೈಗೆ ಬಂತು, ಸ್ಟೂಲ್ ಕಾಲಡಿಯಿಂದ ಹೋಯಿತು. ಬಲಗಾಲು ಉಳುಕಿತು.

ಅವರು ರೋಗಿಗಳನ್ನು ನೋಡುವ ಡಾಕ್ಟರಲ್ಲ. ಆ ಬಳ್ಳಿಯ ಎಲೆಯ ಸಾರ ಹಚ್ಚಿದರೆ ನೋವು, ಬಾವು ಇಳಿಯುತ್ತದೆಯೇ ಎಂದು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಲೇ ತಲೆಗೂದಲು ಉದುರಿಸಿಕೊಂಡವರು. ಇಲಿಗಳ ಪಾದದ ಬಾವು ಇಳಿದಿತ್ತು. ಮನುಷ್ಯರಿಗೆ ಹಚ್ಚಲು ಅನುಮತಿಯೂ ಸಿಕ್ಕಿತ್ತು. ಆದರೆ ಕಾಲು ಉಳುಕಿಸಿಕೊಂಡ ಒಬ್ಬನೇ ಒಬ್ಬ ಪುಣ್ಯಾತ್ಮ ಇತ್ತ ತಲೆ ಹಾಕಿರಲಿಲ್ಲ. ಇವತ್ತು ಸಂಜೆಯೊಳಗೆ ಪರೀಕ್ಷೆ ಶುರುವಾಗದಿದ್ದರೆ ಅವರ ಕೋಣೆ ಮೊಡವೆ ಕ್ರೀಮಿನವರ ಪಾಲಾಗುವುದೆಂದು ಮೇಲಿನವರು ಹೇಳಿಬಿಟ್ಟಿದ್ದರು.

“ಇವತ್ತಾದ್ರೂ ರಜಾ ಹಾಕಿ” ಎಂದಳು ಹೆಂಡತಿ.

“ಇವತ್ತೇ ಹಾಕೋ ಹಾಗಿಲ್ಲ” ಎಂದು ಡಾಕ್ಟರು ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಟವೆಲ್ ಸುತ್ತಿಕೊಂಡು ಹೊರಟರು.

ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಮೇಡಂ, ಮುಖಕ್ಕಿಂತ ಮೊದಲು ಕಾಲನ್ನು ನೋಡಿದರು. “ಎಷ್ಟು ಚೆನ್ನಾಗಿ ಊದಿದೆ” ಎಂದರು, ಮನಸಾರೆ. ಸಹೋದ್ಯೋಗಿಗಳೆಲ್ಲ ಬಂದು ಕೈ ಕುಲುಕಿದರು. ಹುಟ್ಟಿದ ಕೂಸನ್ನು ನೋಡಲು ಬಂದವರ ಹಾಗೆ ಕಾಲನ್ನು ಬಗ್ಗಿ ಬಗ್ಗಿ ನೋಡಿದರು.

ಬಾವು ಅಳೆಯಬೇಕಲ್ಲ. ಇಲಿಯಾದರೆ ನೀರು ತುಂಬಿದ ಗಾಜಿನ ಕೊಳವೆಯಲ್ಲಿ ಅದರ ಪಾದ ಅದ್ದಿ, ತುಳುಕಿದ ನೀರನ್ನು ಅಳೆಯುತ್ತಿದ್ದರು. ಡಾಕ್ಟರ ಪಾದಕ್ಕೆ ಅಂಥ ಕೊಳವೆ ಎಲ್ಲಿಂದ ಬರಬೇಕು? ಸ್ಟೋರ್ ಕೀಪರ್ ನೆಲ ಒರೆಸುವ ಬಕೆಟ್ಟನ್ನು ಕಂಠಮಟ್ಟ ತುಂಬಿ, ಟ್ರೇಯಲ್ಲಿಟ್ಟು ತಂದ. ಡಾಕ್ಟರು ಹಲ್ಲು ಕಚ್ಚಿ ಪಾದ ಇಳಿಸಿದರು. ತುಳುಕಿದ ನೀರು ಟ್ರೇಗೆ ಬಿತ್ತು, ಟ್ರೇಯಿಂದ ಒಂದಿಷ್ಟು ನೆಲಕ್ಕೂ ಹರಿಯಿತು.

“ಬೇಗ ಸಾರ ಹಚ್ಚಿ ಮೇಡಂ, ಪಾಪ” ಎಂದ ಸ್ಟೋರ್ ಕೀಪರ್.

“ಒಂದೇ ಕಾಲಿಗೆ ಹಚ್ಚಿದ್ರೆ ಏನು ಗೊತ್ತಾಗತ್ತೆ? ಬಾವು ತಾನಾಗೇ ಇಳೀತೋ, ಔಷಧಿಯಿಂದ ಇಳೀತೋ? ಜೋಡಿ ಬೇಕು. ಒಬ್ಬರಿಗೆ ಸಾರ, ಇನ್ನೊಬ್ಬರಿಗೆ ಬರೀ ಬಣ್ಣದ ನೀರು. ಯಾರಿಗೆ ಯಾವುದು ಅಂತ ಅವರಿಗೇ ಗೊತ್ತಾಗಬಾರದು.” ಮೇಡಂ ಡಾಕ್ಟರತ್ತ ತಿರುಗಿದರು. “ಈ ನಿಯಮ ಮಾಡಿದ್ದು ನೀವೇ ಅಲ್ವಾ?”

ಡಾಕ್ಟರು ಗೋಣು ಹಾಕಿದರು. ಆ ನಿಯಮಕ್ಕಾಗಿ ಅವರು ಸಭೆಯಲ್ಲಿ ಮೇಜು ಕುಟ್ಟಿ ವಾದಿಸಿದ್ದರು.

“ಇನ್ನೊಂದು ಊದಿದ ಕಾಲು ಎಲ್ಲಿಂದ ತರೋಣ ಈಗ” ಎನ್ನುತ್ತ ಸ್ಟೋರ್ ಕೀಪರ್ ಬಕೆಟ್ ಎತ್ತಿಕೊಂಡು ಒದ್ದೆ ನೆಲದ ಮೇಲೆ ಹೆಜ್ಜೆ ಇಟ್ಟ. ಮರುಗಳಿಗೆ ಬಕೆಟ್ ಒಂದು ದಿಕ್ಕಿಗೆ, ಅವನೊಂದು ದಿಕ್ಕಿಗೆ. ಕಾಲು ಹಿಡಿದು ನರಳುತ್ತಿದ್ದ ಅವನನ್ನು ಕಂಡು ಡಾಕ್ಟರಿಗೆ ಅಯ್ಯೋ ಎನಿಸಿತು. ಅದರ ಬೆನ್ನಿಗೇ, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಖುಷಿಯೂ ಆಯಿತು.

“ಹೇಗೂ ಬಿದ್ದಾಯ್ತು, ದಂಡ ಆಗೋದು ಬೇಡ, ಹಚ್ಚಿ” ಎಂದು ಸ್ಟೋರ್ ಕೀಪರ್ ಕಾಲು ಚಾಚಿದ. ಅದು ಚೆನ್ನಾಗಿ ಊದಿದ ಮೇಲೆ ಅದನ್ನೂ ಬಕೆಟ್ಟಿನಲ್ಲಿ ಅದ್ದಿ ಅಳೆದರು. ಪರೀಕ್ಷೆ ಶುರುವಾಯಿತು, ಕೋಣೆ ಸದ್ಯಕ್ಕೆ ಉಳಿಯಿತು.

ಮೇಡಂ ಎರಡು ಬಾಟಲಿ ತಂದರು. ಒಂದೇ ಬಣ್ಣ, ಒಂದೇ ವಾಸನೆ. ಯಾವುದರಲ್ಲಿ ಏನಿದೆಯೆಂದು ಅವರೊಬ್ಬರಿಗೇ ಗೊತ್ತು. ಸ್ಟೋರ್ ಕೀಪರನಿಗೆ ಕೆಂಪು ಮುಚ್ಚಳದ್ದು, ಡಾಕ್ಟರಿಗೆ ನೀಲಿ ಮುಚ್ಚಳದ್ದು.

“ನಂಗೆ ಚುರುಚುರು ಅಂತಿದೆ” ಎಂದ ಸ್ಟೋರ್ ಕೀಪರ್.

“ನಂಗೆ ತಂಪಾಗಿದೆ” ಎಂದರು ಡಾಕ್ಟರು. ತಮ್ಮ ಬಳ್ಳಿ ತಮ್ಮ ಕೈ ಬಿಡಲಾರದು, ತಮಗೆ ಬಂದದ್ದು ಸಾರವೇ ಎಂದು ಅವರ ಮನಸ್ಸು ಗಟ್ಟಿಯಾಗಿ ನಂಬಿತು.

ಮಧ್ಯಾಹ್ನ ದಾಟಿದ ಮೇಲೆ ಸ್ಟೋರ್ ಕೀಪರ್ ಎದ್ದು ಹೋಗಿ ಎಲ್ಲರಿಗೂ ಟೀ ತಂದ. ಡಾಕ್ಟರ ಕಾಲು ಕುಂಬಳಕಾಯಿಯಾಗಿತ್ತು. ಸಂಜೆ ಮತ್ತೆ ಬಕೆಟ್ ಬಂತು, ನೀರು ತುಳುಕಿತು, ಲೆಕ್ಕ ಸಿಕ್ಕಿತು: ಸ್ಟೋರ್ ಕೀಪರನ ಬಾವು ಬಹುಪಾಲು ಇಳಿದಿದೆ, ಡಾಕ್ಟರದು ಏರಿದೆ.

ಡಾಕ್ಟರು ಟ್ರೇಯನ್ನು ದೂರ ತಳ್ಳಿದರು. ಇಷ್ಟು ವರ್ಷ ನೀರೆರೆದು ಬೆಳೆಸಿದ ಬಳ್ಳಿ ಬಣ್ಣದ ನೀರಿನ ಮುಂದೆ ಸೋತಿತಲ್ಲ. “ಮೊಡವೆಯವರಿಗೆ ಕೀಲಿಕೈ ಕೊಟ್ಬಿಡಿ ಮೇಡಂ” ಎಂದರು.

“ಯಾಕ್ರೀ? ನಿಮ್ಮ ನೀಲಿ ಬಾಟಲಿಯಲ್ಲಿದ್ದದ್ದು ಬರೀ ಬಣ್ಣದ ನೀರು.”

ಅದು ತಲೆಗಿಳಿಯಲು ಒಂದು ಗಳಿಗೆ ಬೇಕಾಯಿತು. ಹಾಗಾದರೆ ಸ್ಟೋರ್ ಕೀಪರನ ಬಾವು ಇಳಿಸಿದ್ದು ತಮ್ಮ ಬಳ್ಳಿ. ಡಾಕ್ಟರು ಕುಂಬಳಕಾಯಿಯನ್ನು ಮರೆತು ಗಟ್ಟಿಯಿದ್ದ ಎಡಗಾಲಿನ ಮೇಲೆ ಕುಣಿದೇಬಿಟ್ಟರು. ನೆಲದಲ್ಲಿ ಬಕೆಟ್ಟಿನ ನೀರು ಇನ್ನೂ ಹಾಗೆಯೇ ಇತ್ತು. ಎಡಗಾಲೂ ಉಳುಕಿತು.

“ಆ ಕೆಂಪು ಬಾಟಲಿ ಕೊಡಿ ಮೇಡಂ” ಎಂದು ಅವರು ನೆಲದಿಂದಲೇ ಕೈ ಚಾಚಿದರು.

ಮೇಡಂ ಆಗಲೇ ಬೆನ್ನು ತಿರುಗಿಸಿಯಾಗಿತ್ತು. ಮತ್ತೆ ಇತ್ತ ತಿರುಗಿದಾಗ ಎರಡೂ ಬಾಟಲಿಗೆ ಬಿಳಿ ಮುಚ್ಚಳ. “ಒಂದೇ ಜೋಡಿ ಸಾಲದು ಅಂತ ಮೇಲಿನವರು ಕೇಳೇ ಕೇಳ್ತಾರೆ. ಈ ಸಲ ಬೇರೆಯವರು ಬೇಡ, ಜೋಡಿ ನಿಮ್ಮಲ್ಲೇ ಇದೆ. ಒಂದು ಕಾಲಿಗೆ ಇದು, ಇನ್ನೊಂದಕ್ಕೆ ಅದು. ಯಾವುದಕ್ಕೆ ಯಾವುದು ಅಂತ ಮಾತ್ರ ಕೇಳಬೇಡಿ.”

ಸ್ಟೋರ್ ಕೀಪರ್ ಲವಲವಿಕೆಯಿಂದ ಬಕೆಟ್ ತುಂಬಿಸಲು ಹೋದ. ಡಾಕ್ಟರು ಎರಡೂ ಕಾಲು ಚಾಚಿ ಕುಳಿತರು. ನಾಳೆ ಒಂದು ಕಾಲಂತೂ ನಡೆದೇ ನಡೆಯುತ್ತದೆ. ಯಾವುದೆಂದು ತಿಳಿಯದೆ ಯಾವ ಕಾಲಿಗೆ ಚಪ್ಪಲಿ ಹಾಕುವುದು ಎನ್ನುವುದೊಂದೇ ಈಗ ಉಳಿದ ಚಿಂತೆ.