ಕಳೆದವೆಲ್ಲ ಖಾನಾಪುರಕ್ಕೆ

ಅನಗೋಳ, ಬೆಳಗಾವಿ
ಜೂನ್ ೨೦೦೦

ಗೃಹಗಣಿತ ಪಾಠಮಾಲೆಯ ಮಾನ್ಯ ಪ್ರಕಾಶಕರೇ,

ಎಳೆಯ ತಲೆಗಳಲ್ಲಿ ಅಂಕಿಯ ದೀಪ ಹಚ್ಚುವ ತಮ್ಮ ದಿವ್ಯ ಹಸ್ತಗಳಿಗೆ ಅನಗೋಳದ ಗುಮಾಸ್ತನೊಬ್ಬನ ಶರಣು ಶರಣಾರ್ಥಿಗಳು.

ಕಾಮಾಲೆ ಮೇಲಿಂದ ಮೇಲೆ ಕಾಡಿದ ನಮ್ಮ ಮಗಳು ಸೃಷ್ಟಿಯನ್ನು ಒಂದು ವರ್ಷ ಶಾಲೆಗೆ ಕಳಿಸಬಾರದೆಂದು ಡಾಕ್ಟರು ಹೇಳಿದ್ದರಿಂದ, ಮನೆಯಲ್ಲೇ ಲೆಕ್ಕ ಕಲಿಸಲು ಹಲವು ಪಾಠಮಾಲೆಗಳನ್ನು ತರಿಸಿ ನೋಡಿ, ಬಣ್ಣದ ಚಿತ್ರಗಳಿಗೆ ಮರುಳಾಗಿ ತಮ್ಮದನ್ನೇ ಆರಿಸಿದೆವು. ಕೂಡಿಸುವ ಲೆಕ್ಕ ಸುಖವಾಗಿ ಮುಗಿಯಿತು. ಕಳೆಯುವ ಲೆಕ್ಕದ ಮೊದಲ ಪುಟದಲ್ಲೇ ತಾವು ಆರು ಹಿಮದ ಬೊಂಬೆಗಳನ್ನು ನಿಲ್ಲಿಸಿ, ಬಿಸಿಲು ಬರಿಸಿ, ಎರಡನ್ನು ಕರಗಿಸಿ, ಉಳಿದವೆಷ್ಟು ಎಂದು ಕೇಳಿದ್ದೀರಿ. ಮಗಳು ಉಳಿದವನ್ನು ಎಣಿಸದೆ, ಕರಗಿದವುಗಳಿಗಾಗಿ ಊಟ ಬಿಟ್ಟು ಅತ್ತಳು.

ಆಗ ನನ್ನ ಹೆಂಡತಿ ಪ್ರಮಿಳಾ ತಮ್ಮ ಪಾಠವನ್ನು ತುಸು ತಿದ್ದಿ, "ಅವು ಕರಗಿಲ್ಲವ್ವ, ಖಾನಾಪುರಕ್ಕ ಆಯಿ ಮನಿಗೆ ಹೋಗ್ಯಾವ" ಎಂದು ಅಜ್ಜಿಯ ಊರಿನ ಹೆಸರು ಹೇಳಿದಳು. ಮಗಳು ಕಣ್ಣೊರೆಸಿಕೊಂಡು "ಹಂಗಾರ ಇಲ್ಲೆ ನಾಕು" ಎಂದಳು. ಈ ಯಶಸ್ಸಿನಿಂದ ಉಬ್ಬಿದ ನಾವು, ತಮ್ಮ ಪುಸ್ತಕದಲ್ಲಿ ಹಾರಿದ ಗುಬ್ಬಿ, ಕೊಳೆತ ಮಾವು, ಒಡೆದ ಬಲೂನು, ಕೊನೆಗೆ ಏಳು ಒಂಟೆಗಳನ್ನೂ ಖಾನಾಪುರಕ್ಕೆ ರವಾನಿಸಿದೆವು.

ಯುಗಾದಿಗೆ ನಾವೂ ಅಲ್ಲಿಗೆ ಹೋದೆವು. ಮನೆ ಹೊಕ್ಕವಳೇ ಮಗಳು, "ಆಯಿ, ನಮ್ಮ ಒಂಟಿ ಎಲ್ಲೆದಾವ?" ಎಂದು ಕೇಳಿದಳು. ಏನೊಂದೂ ಅರಿಯದ ನಮ್ಮತ್ತೆ ಸಾವಂತ್ರವ್ವನವರು ಪ್ರಮಿಳಾಳ ಕಣ್ಸನ್ನೆ ಕಂಡು, "ಮೇಯಾಕ ಹೋಗ್ಯಾವ, ನನ್ನವ್ವ" ಎಂದುಬಿಟ್ಟರು. ಮಗಳು ಹೊಸ್ತಿಲಲ್ಲಿ ಕುಳಿತು ಸಂಜೆಯವರೆಗೆ ದಾರಿ ಕಾದಳು. ಅವಳ ಮುಖ ನೋಡಲಾರದೆ ಅತ್ತೆಯವರು ದನಗಳ ಬಾನಿಯಲ್ಲಿ ಒಂಟೆಗಳಿಗೆಂದು ನೀರು ತುಂಬಿಸಿಟ್ಟರು. ಅದನ್ನು ಕಂಡ ಓಣಿಯವರು ತಮ್ಮ ಮಕ್ಕಳನ್ನೂ ಕರೆತಂದು ಕೂರಿಸಿದರು.

ಕಳೆದ ವಾರ ಎರಡನೆಯ ಇಯತ್ತೆಗೆ ಸೇರಿಸಲು ಹೋದಾಗ, ಮುಖ್ಯಾಧ್ಯಾಪಕ ಈರಣ್ಣ ಮಾಸ್ತರರು ಐದರಲ್ಲಿ ಎರಡು ಹೋದರೆ ಎಷ್ಟೆಂದು ಕೇಳಿದರು. "ಇಲ್ಲೆ ಮೂರ್ರಿ, ಖಾನಾಪುರದಾಗ ಎರಡ್ರಿ" ಎಂದಳು ಮಗಳು. ಖಾನಾಪುರದವರೇ ಆದ ಮಾಸ್ತರರು, "ನಮ್ಮೂರಿಗೆ ಬಂದದ್ದು ನನಗ ಗೊತ್ತಾಗ್ಲೇ ಇಲ್ಲಲ್ಲವ್ವಾ!" ಎಂದು ಪೇಚಾಡಿಕೊಂಡು ಅವಳನ್ನು ಸೇರಿಸಿಕೊಂಡರು.

ಆದ್ದರಿಂದ ಮುಂದಿನ ಮುದ್ರಣದಲ್ಲಿ, ಕಳೆದ ವಸ್ತುಗಳು ಹೋಗಿ ಸೇರುವ ವಿಳಾಸವನ್ನು ತಾವೇ ಅಚ್ಚು ಹಾಕಿಸಬೇಕೆಂದೂ, ಒಂಟೆಗಳನ್ನು ಮಾತ್ರ ಕೂಡಲೇ ನಮ್ಮತ್ತೆಯವರಲ್ಲಿಗೆ ಕಳುಹಿಸಿಕೊಡಬೇಕೆಂದೂ ಕೈಮುಗಿದು ಕೋರುತ್ತೇನೆ.

ದಾರಿ ಕಾಯುತ್ತಿರುವ
ತಮ್ಮ ವಿಶ್ವಾಸಿ,
ಗುರುಪುತ್ರಪ್ಪ

ತಾ.ಕ.: ತಮ್ಮ ಭಾಗಾಕಾರದ ಪಾಠದಲ್ಲಿ ಮನೆಗೆ ಬಂದ ನಾಲ್ವರಿಗೆ ಒಂದು ರೊಟ್ಟಿಯನ್ನು ಸಮನಾಗಿ ಹಂಚಲು ಹೇಳಿದ್ದೀರಿ. ಬಂದವರಿಗೆ ಕಾಲು ರೊಟ್ಟಿ ನೀಡುವ ಪದ್ಧತಿ ನಮ್ಮ ಕಡೆ ಇಲ್ಲ. ತಮ್ಮ ಮನೆಯಲ್ಲಿ ಇರುವುದಾದರೆ, ಆ ಪಾಠವನ್ನು ತಾವೇ ಇಟ್ಟುಕೊಳ್ಳತಕ್ಕದ್ದು.