ಹೋಗಿ ಬಂದವನು ಹೋಗಲೇ ಇಲ್ಲ ಎಂದ ಯಂತ್ರಕ್ಕೆ

ಜಲಸಾರಿಗೆ ಕಚೇರಿಯ ಕೃಪೆಯಿಂದ ನನ್ನ ದೋಣಿಯ ಮೂತಿಯ ಮೇಲೆ ವಿರಾಜಮಾನರಾಗಿರುವ, ಸುಳ್ಳು ಹೇಳಲು ಬಾರದ, ನಿಜವನ್ನು ಪೂರ್ತಿ ಹೇಳಲೂ ಕಲಿಯದ ಮಾನ್ಯ ಸ್ಥಾನಮಾಪಕ ಯಂತ್ರ ಮಹಾಶಯರೇ,

ತಮಗೂ, ತಮ್ಮ ಹೊಟ್ಟೆಯೊಳಗಿನ ಬ್ಯಾಟರಿಗೂ, ತಮ್ಮನ್ನು ನಂಬಿ ಕಣ್ಣು ಮುಚ್ಚಿ ಕುಳಿತ ಅಧಿಕಾರಿಗಳಿಗೂ ಶಾಂತಿ ಇರಲಿ. ನಾನು ಶಾಜ್ಲಿ ಅಬು ದೈಫ್. ನೈಲ್ ನದಿಯ ಪೂರ್ವದಂಡೆಯ ಸವಾಕಿ ಕಡವಿನಲ್ಲಿ ದೋಣಿ ನಡೆಸುವ ರಯ್ಯಿಸ್, ಅಂದರೆ ದೋಣಿಯ ಯಜಮಾನ. ಪರರ ದೋಣಿಯಲ್ಲಿ ನೀರು ಎತ್ತಿ ಚೆಲ್ಲುವ ಕೆಲಸದಿಂದ ಶುರುಮಾಡಿ ಸ್ವಂತ ದೋಣಿಗೆ ಬರಲು ನನಗೆ ಹತ್ತೊಂಬತ್ತು ವರ್ಷ ಹಿಡಿಯಿತು. ಅಷ್ಟು ವರ್ಷ ನಾನು ಕದಲಲೇ ಇಲ್ಲವೆಂಬ ಸಂಗತಿ ತಮ್ಮಿಂದಲೇ ತಿಳಿಯಬೇಕಾಯಿತು.

ಕಡವಿನಲ್ಲಿ ಸುಮ್ಮನೆ ನಿಂತಿರುವ ದೋಣಿಗಳು ಜಾಗ ಖಾಲಿ ಮಾಡಬೇಕೆಂದು ಕಚೇರಿ ನಿಯಮ ಮಾಡಿದಾಗ ಮೊದಲು ಚಪ್ಪಾಳೆ ತಟ್ಟಿದವನು ನಾನೇ. ಯಾವ ದೋಣಿ ಚಲಿಸುತ್ತದೆ, ಯಾವುದು ಚಲಿಸುವುದಿಲ್ಲ ಎಂದು ಸಾಕ್ಷಿ ಹೇಳಲು ತಮ್ಮನ್ನು ಕರೆತಂದ ಇನ್‌ಸ್ಪೆಕ್ಟರ್ ವಜ್ದಿ ಅವರು, ಕಡವಿನ ಪಕ್ಕದ ಭಾವಮೈದುನನ ಕಾಫಿಖಾನೆಯಲ್ಲಿ ಪುದೀನ ಚಹಾ ಮುಗಿಸಿ, ನನ್ನ ದೋಣಿ ಕಟ್ಟುವ ಗೂಟದ ಬಳಿ ನಿಂತು ತಮ್ಮ ಗುಂಡಿ ಒತ್ತಿದರು. ಆ ಗೂಟ ಸೊನ್ನೆಯಾಯಿತು. ಅವರು ಮುಖ ಮಾಡಿ ನಿಂತಿದ್ದ ಪಡುವಣ ದಿಕ್ಕು ಮುಂದಾಯಿತು. ಅವರು ಆಗ ಸೀನಲು ಆ ಕಡೆ ತಿರುಗಿದ್ದರಷ್ಟೇ, ಆದರೆ ಅಧಿಕಾರಿಯ ಸೀನೂ ಆದೇಶವೇ ತಾನೆ.

ಮೊದಲ ದಿನ ಸೂರ್ಯ ಮೂಡಿದಾಗಿನಿಂದ ಮುಳುಗುವವರೆಗೆ, ಹನ್ನೆರಡು ಗಂಟೆ, ಆರುನೂರು ಮೀಟರ್ ಅಗಲದ ಹೊಳೆಯನ್ನು ನಲವತ್ತೆರಡು ಸಲ ದಾಟಿದೆ. ಇಪ್ಪತ್ತೈದು ಕಿಲೋಮೀಟರಿನ ಮೇಲೆ ಇನ್ನೂರು ಮೀಟರ್. ಮೂರು ಕತ್ತೆಗಳು, ಒಂದು ಮದುವಣಗಿತ್ತಿಯ ಮಂಚ, ಹೆರಿಗೆನೋವು ತಿನ್ನುತ್ತಿದ್ದ ಒಬ್ಬಳು ಹೆಂಗಸು ಆ ದಿನ ಆಚೆ ದಡ ಸೇರಿದರು. ಸಂಜೆ ತಾವು ಘನಗಂಭೀರವಾಗಿ ಚೀಟಿ ಹೊರಚಾಚಿದಿರಿ: ಆರಂಭದ ಸ್ಥಾನ ಸೊನ್ನೆ, ಕೊನೆಯ ಸ್ಥಾನ ಸೊನ್ನೆ, ಸ್ಥಾನಪಲ್ಲಟ ಸೊನ್ನೆ, ಸರಾಸರಿ ವೇಗ ಸೊನ್ನೆ. ವಾರವಿಡೀ ಇದೇ ಚೀಟಿ. ಎಂಟನೆಯ ದಿನ ನೋಟಿಸು ಬಂತು: ನಿಮ್ಮದು ನಿಶ್ಚಲ ದೋಣಿ, ಹದಿನೈದು ದಿನದೊಳಗೆ ಕಡವು ಬಿಡಿ, ಆ ಜಾಗದಲ್ಲಿ ತೇಲುವ ಕಾಫಿಖಾನೆ ಬರಲಿದೆ. ಕಾಫಿಖಾನೆ ಯಾರದೆಂದು ಬರೆದು ತಮ್ಮ ಅಮೂಲ್ಯ ಸಮಯ ಹಾಳುಮಾಡಲಾರೆ.

ತಪ್ಪು ನನ್ನದೇ, ಒಪ್ಪುತ್ತೇನೆ. ಬೆಳಿಗ್ಗೆ ಯಾವ ಗೂಟದಿಂದ ಬಿಚ್ಚಿದೆಯೋ ಸಂಜೆ ಅದೇ ಗೂಟಕ್ಕೆ ಕಟ್ಟು, ಇಲ್ಲದಿದ್ದರೆ ಹೊಳೆ ಮುನಿಯುತ್ತದೆ ಎಂದು ನನಗೆ ಕೆಲಸ ಕಲಿಸಿದ ಮುದುಕ ಹೇಳಿದ್ದ. ಇಲ್ಲಿನ ದೋಣಿಯವರೆಲ್ಲ ಹಾಗೇ ಮಾಡುತ್ತಾರೆ. ಹೊಳೆ ಮುನಿಯಲಿಲ್ಲ, ಕಚೇರಿ ಮುನಿಯಿತು.

ಈ ಒಗಟನ್ನು ಬಿಡಿಸಿದವರು ದಿನಾ ನನ್ನ ದೋಣಿಯಲ್ಲೇ ಶಾಲೆಗೆ ಹೋಗುವ ವಿಜ್ಞಾನದ ಮೇಡಂ ಇಜ್ಲಾಲ್. "ಯಂತ್ರದ್ದು ತಪ್ಪಿಲ್ಲ ರಯ್ಯಿಸ್. ನೀನು ಓಡಿದ್ದು ದೂರ, ಅದು ಬರೆದಿದ್ದು ಸ್ಥಾನಪಲ್ಲಟ. ಹೊರಟ ಜಾಗಕ್ಕೂ ತಲುಪಿದ ಜಾಗಕ್ಕೂ ನಡುವೆ ಎಷ್ಟು ಅಂತರ, ಯಾವ ಕಡೆಗೆ, ಅಷ್ಟೇ ಅದಕ್ಕೆ ಬೇಕು. ಓಡಿದ ದೂರದಿಂದ ಸಿಗೋದು ಜವ, ಸ್ಥಾನಪಲ್ಲಟದಿಂದ ಸಿಗೋದು ವೇಗ. ಜವ ಬೇರೆ, ವೇಗ ಬೇರೆ ಕಣಪ್ಪ," ಎಂದರು. ಬುಟ್ಟಿಯಲ್ಲಿ ಗಿಣ್ಣಿನ ಮಡಕೆ ಇಟ್ಟುಕೊಂಡು ಕೂತಿದ್ದ ಹಾಜ್ಜಾ ತಫೀದಾ ಇದನ್ನು ಕೇಳಿ ತಡೆಯಲಾರದೆ, "ಅಯ್ಯೋ, ನಾನು ಮೆಕ್ಕಾಕ್ಕೆ ಹೋಗಿ ಮನೆಗೆ ವಾಪಸ್ ಬಂದೋಳು. ನಂದೂ ಸೊನ್ನೆನಾ ಹಾಗಾದ್ರೆ? ಹಾಜ್ಜಾ ಅನ್ನೋ ಹೆಸ್ರನ್ನೂ ಆ ವಜ್ದಿಗೇ ವಾಪಸ್ ಕೊಟ್ಬಿಡ್ಲಾ?" ಎಂದಳು.

ತಮ್ಮ ಮರ್ಯಾದೆ ಉಳಿಸಲೆಂದು ನಾನು ಮುದುಕನ ಮಾತು ಮೀರಿದೆ. ಒಂದು ದಿನ ನಲವತ್ತೊಂದೇ ಸಲ ದಾಟಿ ಪಡುವಣ ದಂಡೆಯಲ್ಲೇ ದೋಣಿ ಕಟ್ಟಿದೆ. ತಾವು ಪ್ರಸನ್ನರಾಗಿ ಆರುನೂರು ಮೀಟರ್ ಸ್ಥಾನಪಲ್ಲಟ, ಗಂಟೆಗೆ ಐವತ್ತು ಮೀಟರ್ ಸರಾಸರಿ ವೇಗ ದಯಪಾಲಿಸಿದಿರಿ. "ನನ್ನ ಬಾತುಕೋಳಿ ಇದಕ್ಕಿಂತ ಜೋರಾಗಿ ನಡೀತದೆ, ಅದರ ಮೇಲೇ ಜನಾನ ಹತ್ತಿಸ್ಕೊಂಡು ಹೋಗು," ಎಂದಳು ತಫೀದಾ. ಮರುದಿನ ಅಲ್ಲಿಂದ ಹೊರಟು ಅಷ್ಟೇ ಸಲ ದಾಟಿ ಮನೆಯ ದಂಡೆಗೆ ಬಂದೆ. ತಾವು ಅದೇ ಐವತ್ತರ ಎಡಕ್ಕೆ ಒಂದು ಋಣಚಿಹ್ನೆ ಅಂಟಿಸಿದಿರಿ. ಎರಡನೆಯ ನೋಟಿಸು ಬಂತು: ಪ್ರಯಾಣಿಕರನ್ನು ಹತ್ತಿಸಿಕೊಂಡು ದಿನವಿಡೀ ದೋಣಿಯನ್ನು ಹಿಮ್ಮುಖವಾಗಿ ಓಡಿಸಿದ್ದಕ್ಕೆ ವಿವರಣೆ ನೀಡಿ.

ಇಂಥ ಸೂಕ್ಷ್ಮಬುದ್ಧಿಗೆ ಸರಿಸಾಟಿಯಿಲ್ಲ. ಶುಕ್ರ, ಶನಿ ರಜೆ ಮುಗಿದು ಕಚೇರಿ ತೆರೆಯುವ ಬರುವ ಭಾನುವಾರ ಅಲ್ಲಿ ನನ್ನ ವಿಚಾರಣೆ. ಕಡವು ಉಳಿಯುವುದೋ ಹೋಗುವುದೋ ಅಂದೇ ತೀರ್ಮಾನ. ಅಷ್ಟರೊಳಗೆ ತಾವು ದಯಮಾಡಿ ಪಡುವಣ ದಂಡೆಯನ್ನು ದಿನಕ್ಕೊಂದು ಹೊಳೆಯಷ್ಟು ಆಚೆ ಸರಿಸಬೇಕು, ನಾನು ಹಿಂದಿರುಗದೆ ಮುಂದುಮುಂದಕ್ಕೆ ದಾಟುತ್ತ ಮರುಭೂಮಿಯನ್ನೂ ದಾಟಿ ಲಿಬಿಯಾ ಸೇರುತ್ತೇನೆ. ಅದು ಕಷ್ಟವಾದರೆ, ಆಚೆ ದಡಕ್ಕೆ ಹೋದ ಮೇಡಂ, ಕತ್ತೆ, ಬಾಣಂತಿ ಇವರೆಲ್ಲ ಸಂಜೆ ಮನೆಗೆ ಮರಳುವ ಕೆಟ್ಟ ಚಾಳಿಯನ್ನು ಕಾನೂನಿನಿಂದ ನಿಲ್ಲಿಸಬೇಕು. ಗರಗಸ, ಮಗ್ಗದ ಲಾಳಿ, ತೊಟ್ಟಿಲು ಇವಕ್ಕೂ ನೋಟಿಸು ಹೋಗಲಿ. ಅವೂ ಇಷ್ಟು ದಿನ ಏನೂ ಕೆಲಸ ಮಾಡದೆ ಜನರನ್ನು ವಂಚಿಸಿವೆ.

ಇಪ್ಪತ್ತೈದು ಕಿಲೋಮೀಟರ್ ಓಡಿ ಇದ್ದಲ್ಲೇ ಇರುವ,
ತಮ್ಮ ವಿಶ್ವಾಸಿ
ರಯ್ಯಿಸ್ ಶಾಜ್ಲಿ ಅಬು ದೈಫ್

ತಾ.ಕ.: ಕಳೆದ ಮಂಗಳವಾರ ತಮ್ಮ ಆರೋಗ್ಯ ತಪಾಸಣೆಗೆಂದು ವಜ್ದಿಯವರು ತಮ್ಮನ್ನು ಹಿಂದಿನ ಸಂಜೆಯೇ ಬಿಚ್ಚಿಸಿ ಕಾರಿನಲ್ಲಿಟ್ಟುಕೊಂಡು ಹೋದರಲ್ಲ, ಗುಂಡಿ ಆರಿಸಲು ಮರೆತಿದ್ದಾರೆ. ಬುಧವಾರ ತಮ್ಮನ್ನು ಮತ್ತೆ ದೋಣಿಗೆ ಕೂರಿಸುವಾಗ ಆ ದಿನದ ಚೀಟಿ ತಮ್ಮ ಬಾಯಲ್ಲೇ ನೇತಾಡುತ್ತಿತ್ತು. ಹೊಳೆಯ ದಂಡೆಗುಂಟ ಒಂದೇ ನೇರ ರಸ್ತೆ, ಅವರ ಓಡಾಟ ಕಡವಿನವರಿಗೆಲ್ಲ ಕಾಣುತ್ತದೆ: ಬೆಳಿಗ್ಗೆ ಇನ್‌ಸ್ಪೆಕ್ಟರ್ ಮನೆಬಾಗಿಲಿಂದ ಕಚೇರಿ, ಕಚೇರಿಯಿಂದ ಕಾಫಿಖಾನೆ, ಕಾಫಿಖಾನೆಯಲ್ಲಿ ನಾಲ್ಕು ಗಂಟೆ, ಮತ್ತೆ ಮನೆಬಾಗಿಲು. ಚೀಟಿಯ ಪ್ರಕಾರ ಸ್ಥಾನಪಲ್ಲಟ ಸೊನ್ನೆ, ಸರಾಸರಿ ವೇಗ ಸೊನ್ನೆ. ಮೇಡಂ ಇಜ್ಲಾಲ್ ಲೆಕ್ಕ ಸರಿಯಿದೆಯೆಂದು ಸಹಿ ಹಾಕಿದ್ದಾರೆ, ಪ್ರತಿಯನ್ನು ವಿಚಾರಣೆಗೆ ಲಗತ್ತಿಸಿದ್ದೇನೆ. ನಿಯಮದಂತೆ ಇನ್‌ಸ್ಪೆಕ್ಟರರ ಆ ನಿಶ್ಚಲ ಕುರ್ಚಿ ಹದಿನೈದು ದಿನದೊಳಗೆ ಖಾಲಿಯಾದಾಗ ಅದನ್ನು ದಯವಿಟ್ಟು ನನ್ನ ದೋಣಿಗೇ ಕಳಿಸಿಕೊಡಿ. ಹಾಜ್ಜಾ ತಫೀದಾಗೆ ಮಂಡಿನೋವು, ಹೋಗುವಾಗಲೂ ಬರುವಾಗಲೂ ಕೂರಲು ಬೇಕು.