ಚಳ್ಳಕೆರೆಯಲ್ಲಿ ವಾಂಡಾ ಅರಳಿಸಿದ ಬಗೆ

ಕರಿಬೇವು, ದಾಸವಾಳ, ಕನಕಾಂಬರ ಇವನ್ನೆಲ್ಲ ಚಳ್ಳಕೆರೆಯ ಬಿಸಿಲಿನಲ್ಲಿ ಬದುಕಿಸಿಕೊಂಡು ಬಂದವಳು ನಾನು. ಇನ್ನೊಂದು ಗಿಡ ನನಗೆ ದೊಡ್ಡದಲ್ಲ ಎಂದೇ ತಿಳಿದಿದ್ದೆ. ಹೀಗಿರುವಾಗ, ಉಡುಪಿಗೆ ಮದುವೆಯಾಗಿ ಹೋಗಿರುವ ನಾದಿನಿ ಸುಧಾ ತನ್ನ ಮನೆಯ ಜಗಲಿಯಲ್ಲಿ ತೂಗುತ್ತಿದ್ದ ವಾಂಡಾ ಆರ್ಕಿಡ್ ತೋರಿಸಿದಳು. ನೇರಳೆ ಬಣ್ಣದ, ಅಂಗೈಯಗಲದ ಹೂವು. "ಇದು ನಮ್ಮೂರಾಗೆ ಬರಲ್ಲ ಬಿಡ್ರಿ ಅತ್ತಿಗೆ, ಅಲ್ಲಿ ಗಾಳಿನೇ ಒಣಗಿರ್ತೈತೆ" ಎಂದಳು.

ಸುಮ್ಮನಿರಬಹುದಿತ್ತು. ಇರಲಿಲ್ಲ. "ಒಂದು ಗಿಡ ಕೊಡು. ಮುಂದಿನ ಸಲ ನೀನು ತವರಿಗೆ ಬಂದಾಗ ನಮ್ಮ ಬಾಗಿಲಲ್ಲೇ ಹೂವು ತೋರಿಸ್ತೀನಿ" ಎಂದುಬಿಟ್ಟೆ. ಅವಳ ಅತ್ತೆಮನೆಯವರೆಲ್ಲ ಕೇಳಿಸಿಕೊಂಡರು. ಚಳ್ಳಕೆರೆಯ ಮಾನ ಅಲ್ಲಿಗೆ ನನ್ನ ತಲೆಯ ಮೇಲೆ ಬಿತ್ತು.

ವಾಂಡಾಕ್ಕೆ ಮಣ್ಣು ಬೇಡ. ಬೇರುಗಳನ್ನು ಹಾಗೇ ಇಳಿಬಿಟ್ಟು ತೂಗುಹಾಕಿದರೆ ಗಾಳಿಯಲ್ಲಿರುವ ತೇವವನ್ನೂ ಕುಡಿಯುತ್ತದೆ. ನಮ್ಮ ಗಾಳಿಯಲ್ಲಿ ಕುಡಿಯಲು ಏನಿದೆ ಎಂಬುದನ್ನು ನಾನು ಯೋಚಿಸಲಿಲ್ಲ. ಊರಿಗೆ ತಂದವಳೇ ತಲೆಬಾಗಿಲಿಗೆ ಕಟ್ಟಿ, ನೀರು ಚಿಮುಕಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಗಿಡ ಬೇರು ಮೇಲಾಗಿ, ಎಲೆ ಕೆಳಗಾಗಿ ನೇತಾಡುತ್ತಿತ್ತು. ಜೊತೆಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ. ದೃಷ್ಟಿ ತಾಗದಿರಲೆಂದು ಬಾಗಿಲಿಗೆ ಲೋಳೆಸರವನ್ನು ತಲೆಕೆಳಗಾಗಿ ಕಟ್ಟುವುದು ನಮ್ಮಲ್ಲಿ ವಾಡಿಕೆ. ಸೊಸೆಗೆ ಅಷ್ಟೂ ತಿಳಿಯಲಿಲ್ಲವಲ್ಲ ಎಂದು ನಮ್ಮತ್ತೆಯವರು ಸರಿಪಡಿಸಿದ್ದರು.

ನೆಟ್ಟಗೆ ಮಾಡಿದೆ. ಬೇಸಿಗೆ ಬಂತು. ಬೇರುಗಳು ಒಣಶಾವಿಗೆಯಂತಾದವು. ಸುತ್ತ ಸದಾ ತೇವವಿರಬೇಕು ಎಂದು ಮೊಬೈಲು ಹೇಳಿತು. ತೇವ ಹಿಡಿದಿಡುವುದರಲ್ಲಿ ನಮ್ಮೂರ ಕಂಬಳಿಯನ್ನು ಮೀರಿಸುವ ವಸ್ತು ಭೂಮಿಯ ಮೇಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಹಳೆಯ ಕಂಬಳಿಯ ತುಂಡನ್ನು ನೆನೆಸಿ ಬೇರಿಗೆ ಬಿಗಿಯಾಗಿ ಸುತ್ತಿದೆ. ಕೆಲವು ದಿನಗಳ ಮೇಲೆ ನಮ್ಮವರು ಊಟಕ್ಕೆ ಕೂತವರು ತುತ್ತು ಕೆಳಗಿಟ್ಟು, "ಎಲ್ಲೋ ಕುರಿ ನೆನೆದು ನಿಂತೈತೆ ನೋಡು" ಎಂದರು. ಬಿಚ್ಚಿ ನೋಡಿದೆ. ಕುರಿಯ ವಾಸನೆ ಕಂಬಳಿಯದು. ಇನ್ನೊಂದು ವಾಸನೆ ಗಿಡದ್ದು. ಅರ್ಧ ಬೇರು ಕೊಳೆತುಹೋಗಿತ್ತು.

ಆಗ ನೆನಪಾದವನು ನನ್ನ ತಮ್ಮ ನಾಗರಾಜ. ಅವನು ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುತ್ತಾನೆ. ಎಳೆ ಒಣಗಿ ಕಡಿಯಬಾರದೆಂದು ಮಗ್ಗದ ಕೋಣೆಯ ನೆಲಕ್ಕೆ ನೀರು ಚಿಮುಕಿಸಿ, ಒದ್ದೆ ಗೋಣಿ ಹಾಸಿಡುತ್ತಾನೆ. ಹೊರಗೆ ಬಳ್ಳಾರಿಯ ಬಿಸಿಲು, ಒಳಗೆ ಉಡುಪಿ! ಗಿಡವನ್ನು ಅವನ ಕೈಗಿಟ್ಟೆ. "ಅಕ್ಕಾ, ಇದು ಸತ್ತೈತೆ. ಸತ್ತಿದ್ದನ್ನ ತಂದು ಮಗ್ಗದ ಮುಂದೆ ಕಟ್ಟು ಅಂತೀಯಲ್ಲ" ಎಂದ. ಅಕ್ಕನೆಂಬ ಭಯಕ್ಕೆ ಕಿಟಕಿಗೆ ಕಟ್ಟಿ, ಅತ್ತ ತಿರುಗಿಯೂ ನೋಡಲಿಲ್ಲವಂತೆ. ನೆಲಕ್ಕೆ ಎರಚಿದ ನೀರಿನಲ್ಲಿ ಅದಕ್ಕೂ ಒಂದಿಷ್ಟು ಬೀಳುತ್ತಿತ್ತು, ಅಷ್ಟೇ. ಮಳೆಗಾಲಕ್ಕೆ ಬೇರಿನ ತುದಿ ಹಸಿರಾಯಿತು. ಚಳಿ ಮುಗಿಯುವಾಗ ಹೂವಿನ ಕಡ್ಡಿ ಬಂತು. ಹೂವು ಬಿರಿದ ವಾರವೇ ಸುಧಾ ಫೋನು ಮಾಡಿ, ಶುಕ್ರವಾರ ಬರ್ತೀನಿ ಎಂದಳು.

ಶುಕ್ರವಾರ ಮೊದಲ ಬಸ್ಸಿಗೆ ಹೋಗಿ ಗಿಡ ತಂದೆ. ತೊಡೆಯ ಮೇಲೆ ಹೂವು, ಮೊಣಕಾಲವರೆಗೆ ಇಳಿಬಿದ್ದ ಬೇರು. ಲಗೇಜು ಎನ್ನಬೇಕೋ ಕೈಮುಗಿಯಬೇಕೋ ತಿಳಿಯದೆ ಕಂಡಕ್ಟರು ಮುಂದೆ ಹೋದರು. ಮನೆಗೆ ಬಂದು ತಲೆಬಾಗಿಲಿಗೆ ಕಟ್ಟಿದೆ. ಎಲ್ಲಿ ಅರಳಿತು ಎಂದು ಸುಧಾ ಕೇಳಿದರೆ ಹೇಳುವುದು, ಕೇಳದಿದ್ದರೆ ನಾನಾಗಿ ಬಾಯಿ ಬಿಡದಿರುವುದು ಎಂದು ನ್ಯಾಯವಾಗಿಯೇ ತೀರ್ಮಾನಿಸಿಕೊಂಡು ಹೋಳಿಗೆ ಮಾಡಲು ಒಳಗೆ ಹೋದೆ.

ಹಂಚಿನ ಮೇಲೆ ಹೋಳಿಗೆ ಹಾಕುತ್ತಿದ್ದಂತೆ ಬಾಗಿಲಲ್ಲಿ ಆಟೋ ನಿಂತಿತು. ಸೆರಗಿಗೆ ಕೈ ಒರೆಸಿಕೊಂಡು, ಮುಖದ ಮೇಲೆ ಸಾಕಷ್ಟು ವಿನಯ ತಂದುಕೊಂಡು ಹೊರಗೆ ಬಂದೆ. "ಮೇಲೆ ನೋಡು ಸುಧಾ" ಎಂದೆ.

ಅವಳು ನೋಡಿದಳು. ನಾನೂ ನೋಡಿದೆ. ಬೋಳು ಕಡ್ಡಿ.

"ಗಿಡದ ಮೊದಲ್ನೇ ಹೂವು ದೇವರಿಗಲ್ದೆ ಬಾಗಿಲಿಗಾ?" ಎಂದರು ಒಳಗಿನಿಂದ ಅತ್ತೆಯವರು. "ಬಿಡಿಸಿ ಏರಿಸೀನಿ. ಕೈಕಾಲು ತೊಳ್ಕೊಂಡು ಬಾರವ್ವ ಸುಧಾ, ನಮಸ್ಕಾರ ಮಾಡು."

ದೇವರ ಫೋಟೋದ ಸುತ್ತ ನೇರಳೆ ಹೂಗಳಿದ್ದವು. ಒಂದೊಂದಕ್ಕೂ ಕುಂಕುಮ. ಸುಧಾ ಬಗ್ಗಿ ನೋಡಿದಳು. ಪೂರ್ತಿ ಸೋತಿಲ್ಲ ಎನಿಸಿ ನಾನು, "ಬೆಳಿಗ್ಗೆ ಬಾಗಿಲಲ್ಲೇ ಇತ್ತು, ಗಿಡದ ಮೇಲೆ..." ಎಂದು ಶುರುಮಾಡಿದೆ.

"ಹೂಂ, ಬೆಳಿಗ್ಗೆ ಬಸ್ಸಿನಾಗೆ ತಂದ್ಲು" ಎಂದರು ಅತ್ತೆ. "ಪಾಪ, ಇವಳ ತಮ್ಮ ಚೆನ್ನಾಗಿ ಬೆಳೆಸ್ಯಾನೆ."

ಸುಧಾ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ನನ್ನ ಹೆಗಲ ಮೇಲೆ ಕೈಯಿಟ್ಟು, "ಗಿಡ ನಾಗರಾಜಣ್ಣನ ಹತ್ರನೇ ಇರ್ಲಿ ಅತ್ತಿಗೆ. ಹೋಳಿಗೆ ಮಾತ್ರ ನಿಮ್ಮಂಗೆ ಯಾರಿಗೂ ಬರಲ್ಲ, ನಮ್ಮತ್ತೆ ಮನ್ಯಾಗೂ ಹಂಗೇ ಹೇಳ್ಕೊಂಡೀನಿ" ಎಂದಳು.

ಆ ಒಂದು ಕೀರ್ತಿಯಾದರೂ ಉಳಿಯಿತಲ್ಲ ಎಂದು ನಾನು ಉಸಿರೆಳೆದುಕೊಂಡೆ. ಉಸಿರಿನ ಜೊತೆಗೇ ಅಡುಗೆಮನೆಯಿಂದ ಸುಟ್ಟ ವಾಸನೆಯೂ ಬಂತು.